ಕೈಗುಣ ಹುಟ್ಟಿನಿಂದ ಬರಲ್ಲ, ಕಲಿಸಿದರೆ ಬರುತ್ತೆ

ಹಂಗಳದ ಕಡೆಯ ಒಂದು ಹಳ್ಳಿ. ಚೆಂಡುಹೂ ಬೆಲೆ ಬಿದ್ದ ಸುದ್ದಿ ಮಾಡಲು ಹೋಗಿದ್ದ ನಾವು ಕೂಲಿಗೆ ಹೋಗುವ ಅಕ್ಕ ಒಬ್ಬರ ಮನೆ ಜಗುಲಿ ಮೇಲೆ ಕುಳಿತಿದ್ದೆವು. ಅಕ್ಕನಿಗೆ ಐವತ್ತರ ಆಸುಪಾಸು. ಕಾಫಿ ತಂದವರು ಲೋಟವನ್ನು ಎಡಗೈಲಿ ಚಾಚಿದರು. ನಮ್ಮ ಕಡೆ ಬಂದವರಿಗೆ ಯಾರೂ ಎಡಗೈಲಿ ಕೊಡುವುದಿಲ್ಲ. ಅವರಿಗೇ ನಾಚಿಕೆಯಾಯಿತು.

"ತಪ್ಪು ತಿಳ್ಕಬೇಡಿ ಕನಪ್ಪ. ಬಲಗೈ ಮ್ಯಾಕ್ಕ ಏಳದಿಲ್ಲ. ನಾಕು ತಿಂಗ್ಳಾಯ್ತು. ಜಡೆ ಹಾಕ್ಕಳಕ್ಕೂ ಮಗ್ಳೇ ಬೇಕು."

ತೋರಿಸಲಿಲ್ಲವೇ ಎಂದು ಕೇಳಿದೆವು. ತೋರಿಸಿದ್ದರು. ಒಂದು ಕ್ಲಿನಿಕ್ಕಿನಲ್ಲಿ ಹತ್ತು ದಿನ 'ಕರೆಂಟ್' ಕೊಟ್ಟಿದ್ದರಂತೆ. ಹತ್ತು ದಿನದ ಫೀಸು, ಹತ್ತು ದಿನ ಹೋಗಿ ಬಂದ ದಾರಿ, ಹತ್ತು ದಿನದ ಕೂಲಿ ಹೋಯಿತು. "ಕರೆಂಟ್ ಇಟ್ಟಾಗ ಜುಮ್ ಅನ್ನದು, ಬಸ್ ಹತ್ತ ಹೊತ್ಗ ಮೊದ್ಲಿನಂಗೇ" ಅಂದರು. ಕೈ ಎಷ್ಟು ಎತ್ತಲು ಬರುತ್ತದೆ ಎಂದು ಅಲ್ಲಿ ಯಾರಾದರೂ ಹಿಡಿದು ನೋಡಿದರಾ ಎಂದರೆ, ಇಲ್ಲ. ವೈರು ಅಂಟಿಸುವಾಗ ಮುಟ್ಟಿದ್ದೇ ಬಂತು.

ಕೆಲವು ತಿಂಗಳ ನಂತರ ಮತ್ತೆ ಆ ಊರಿಗೆ ಹೋದಾಗ ಅಕ್ಕ ಬಲಗೈಲೇ ಲೋಟ ಕೊಟ್ಟರು. ಕೈ ಪೂರ್ತಿ ಮೇಲೆ ಹೋಗುತ್ತಿರಲಿಲ್ಲ, ಆದರೆ ಜಡೆ ಅವರೇ ಹಾಕಿಕೊಂಡಿದ್ದರು. ನೆಂಟರೊಬ್ಬರು ಬೇರೊಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿದ್ದರಂತೆ. ಆಕೆ ಮೊದಲ ದಿನ ಯಾವ ಮೆಷಿನ್ನೂ ಹಚ್ಚಲಿಲ್ಲ. ಅರ್ಧ ಗಂಟೆ ಬರೀ ಕೇಳಿದರು, ನೋಡಿದರು, ಹಿಡಿದು ಅಲುಗಿಸಿದರು. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತಾ? ಶುಗರ್ ಇದೆಯಾ? ಪರೀಕ್ಷೆ ಮಾಡಿಸಿದರೆ ಶುಗರ್ ಇತ್ತು, ಅಕ್ಕನಿಗೆ ಗೊತ್ತೇ ಇರಲಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಹೀಗೆ ಭುಜ ಹಿಡಿದುಕೊಳ್ಳುವುದು ಹೆಚ್ಚು. ಆಮೇಲೆ ಎರಡೂ ಕೈಲಿ ಅವರ ತೋಳು ಹಿಡಿದು, ಮುಖ ನೋಡುತ್ತಾ, ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿದರು. ಮನೆಯ ತೊಲೆಗೆ ಹಗ್ಗ ಹಾಕಿ ಎಳೆಯುವುದು, ಕೋಲು ಹಿಡಿದು ಎತ್ತುವುದು, ಗೋಡೆಯ ಮೇಲೆ ಬೆರಳು ಹತ್ತಿಸುವುದು, ಇಷ್ಟು ಹೇಳಿಕೊಟ್ಟರು. "ಇದು ವಾರದಲ್ಲಿ ಹೋಗೋದಲ್ಲ ಅಮ್ಮ, ತಿಂಗಳುಗಟ್ಟಲೆ ಆಗುತ್ತೆ. ವಾರದಲ್ಲಿ ವಾಸಿ ಮಾಡ್ತೀನಿ ಅನ್ನೋರನ್ನ ನಂಬಬೇಡಿ" ಅಂತಲೂ ಹೇಳಿದರು.

ಕೆಲಸ ಬಿಟ್ಟು ನಾವು ಆ ಫಿಸಿಯೋ ಅವರನ್ನು ಹುಡುಕಿಕೊಂಡು ಹೋದೆವು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆವು. ಅವರ ಉತ್ತರದಿಂದಲೇ ಈ ಬರಹ ಹುಟ್ಟಿದ್ದು.

"ಬಿಪಿಟಿ ಮುಗಿಸಿ ಹೊರಗೆ ಬಂದಾಗ ನಾನೂ ಮೆಷಿನ್ ಹಚ್ತಿದ್ದೆ. ಮುಟ್ಟೋಕೆ ಭಯ. ಎಂಪಿಟಿ ಮಾಡುವಾಗ ನಮ್ಮ ಮೇಡಂ ನನ್ನ ಕೈ ಮೇಲೆ ಅವರ ಕೈ ಇಟ್ಟು, 'ಇಲ್ಲಿವರೆಗೆ ಒತ್ತು, ಇಲ್ಲಿ ನಿಲ್ಲಿಸು' ಅಂತ ಕಲಿಸಿದ್ರು. ಎಷ್ಟು ಪೇಷೆಂಟ್ ಮೇಲೆ ಹಾಗೆ ಕಲಿತೆನೋ ಲೆಕ್ಕವಿಲ್ಲ. ಆವಾಗ ನನ್ನ ಕೈಗೆ ಕಣ್ಣು ಬಂತು."

ಕೈಗೆ ಕಣ್ಣು ಬರೋದು

ನಮ್ಮ ಊರುಗಳಲ್ಲಿ ಒಂದು ಮಾತಿದೆ: "ಅವರ ಕೈಗುಣ ಚೆನ್ನಾಗದ." ಡಾಕ್ಟರಿಗೂ ಹೇಳುತ್ತೇವೆ, ಉಳುಕು ತೆಗೆಯುವವರಿಗೂ ಹೇಳುತ್ತೇವೆ, ಸಾರು ಮಾಡುವವರಿಗೂ ಹೇಳುತ್ತೇವೆ. ಅದು ಹುಟ್ಟಿನಿಂದ ಬಂದದ್ದು, ದೇವರು ಕೊಟ್ಟದ್ದು ಅಂದುಕೊಳ್ಳುತ್ತೇವೆ. ನಮಗೆ ಈ ಮಾತಿನ ಬಗ್ಗೆ ತಕರಾರಿದೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರ ಹೆಸರು ಕೇಳಿರುತ್ತೀರಿ. ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರ ಕೈಗುಣವನ್ನು ಊರೂರೇ ಹೊಗಳುತ್ತಿತ್ತು. ಆದರೆ ಅವರು ಕಲಿತದ್ದು ತಮ್ಮ ಅಜ್ಜಿಯಿಂದ, ಅಜ್ಜಿಯ ಪಕ್ಕದಲ್ಲೇ ಇದ್ದುಕೊಂಡು. ಒಬ್ಬರು ಮಾಡುವುದನ್ನು ನೋಡಿ, ಅವರ ಕಣ್ಣೆದುರು ತಾನೂ ಮಾಡಿ, ತಪ್ಪಿದಲ್ಲಿ ತಿದ್ದಿಸಿಕೊಂಡರೆ ಬರುವುದೇ ಕೈಗುಣ. ಮಡಕೆ ಮಾಡುವವರು, ಮರಗೆಲಸದವರು, ನೇಯುವವರು ಎಲ್ಲರೂ ಹೀಗೇ ಕಲಿಯುತ್ತಾರೆ. ಮನುಷ್ಯನ ಬೆನ್ನು, ಮಂಡಿ, ಭುಜ ಹಿಡಿದು ಕೆಲಸ ಮಾಡುವವರು ಪುಸ್ತಕ ಓದಿದರೆ ಸಾಕು ಎಂದು ನಾವು ಯಾಕೆ ಅಂದುಕೊಳ್ಳಬೇಕು?

ಓದುವ ಮಕ್ಕಳಿರುವ ಮನೆಯವರಿಗೆ ಇದು ಗೊತ್ತಿರಲಿ. ನಮ್ಮ ರಾಜ್ಯದಲ್ಲಿ ಬಿಪಿಟಿ ಅಂದರೆ ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್ ಎಂದು ನಡೆದುಕೊಂಡು ಬಂದಿದೆ. ಹೊಸ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಒಂದು ವರ್ಷಕ್ಕೆ ಏರಿ ಒಟ್ಟು ಐದು ವರ್ಷವಾಗುತ್ತದೆ. ಅದರ ಮೇಲಿನ ಎರಡು ವರ್ಷದ ಓದು ಎಂಪಿಟಿ. ಮೂಳೆ-ಕೀಲು, ನರ, ಹೃದಯ-ಶ್ವಾಸಕೋಶ, ಮಕ್ಕಳು, ಸಮುದಾಯ ಎಂದು ಒಂದೊಂದು ವಿಭಾಗ ಹಿಡಿದು ಕಲಿಯುವುದು ಇಲ್ಲಿ.

ಈ ಎರಡು ವರ್ಷದಲ್ಲಿ ಕಲಿಯಬೇಕಾದ್ದರಲ್ಲಿ ಒಂದನ್ನು ಹೇಳುತ್ತೇವೆ. ಆಸ್ಟ್ರೇಲಿಯಾದ ಜೆಫ್ರಿ ಮೈಟ್‌ಲೆಂಡ್ ಎಂಬ ಫಿಸಿಯೋಥೆರಪಿಸ್ಟ್, ಕೀಲನ್ನು ಕೈಯಿಂದ ಅಲುಗಿಸುವುದನ್ನು ನಾಲ್ಕು ದರ್ಜೆ ಮಾಡಿ ಕಲಿಸಿದರು. ಮೊದಲ ಎರಡು ನೋವು ಇಳಿಸಲು, ಆಮೇಲಿನ ಎರಡು ಬಿಗಿತ ಬಿಡಿಸಲು. ಪುಸ್ತಕದಲ್ಲಿ ಇದು ಒಂದೇ ಪುಟ. ಆದರೆ ಎರಡನೆಯದು ಎಲ್ಲಿ ಮುಗಿದು ಮೂರನೆಯದು ಎಲ್ಲಿ ಶುರುವಾಗುತ್ತದೆ ಎಂಬುದು ಬೆರಳಿಗೆ ಗೊತ್ತಾಗಬೇಕು. ನೋವಿರುವ ಕೀಲಿಗೆ ಬಿಗಿತ ಬಿಡಿಸುವ ಬಲ ಹಾಕಿದರೆ ಪೇಷೆಂಟ್ ನಾಳೆ ಬರುವುದಿಲ್ಲ. ಬಿಗಿದ ಕೀಲಿಗೆ ಹೂವು ಮುಟ್ಟಿದ ಹಾಗೆ ಮುಟ್ಟಿದರೆ ವರ್ಷವಾದರೂ ಬಿಡುವುದಿಲ್ಲ.

ಇನ್ನೊಂದು ಲಕ್ವ ಹೊಡೆದವರದು. ಬಿದ್ದುಹೋದ ಕಡೆಯ ತೋಳನ್ನು ಹಿಡಿದೆಳೆದು ಎಬ್ಬಿಸಬಾರದು. ಅಲ್ಲಿ ಭುಜದ ಕೀಲನ್ನು ಹಿಡಿದಿಡುವ ಮಾಂಸಖಂಡ ಸೋತಿರುತ್ತದೆ, ಎಳೆದರೆ ಕೀಲು ಜಾರುತ್ತದೆ. ಆಮೇಲೆ ಕೈ ಬಂದರೂ ಭುಜದ ನೋವು ಕಾಡುತ್ತದೆ. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಪ್ರೀತಿಯಿಂದಲೇ ಅಪ್ಪನನ್ನು ಆ ಕೈ ಹಿಡಿದು ಎಬ್ಬಿಸುತ್ತಾರೆ. ಬೇಡ ಎಂದು ಹೇಳಿಕೊಡುವವರು ಮನೆಗೆ ಬಂದಿರುವುದಿಲ್ಲ. ಈ ಬರಹದಲ್ಲಿ ಬೇರೇನೂ ನೆನಪಿಡದಿದ್ದರೂ ಇದೊಂದನ್ನು ನೆನಪಿಡಿ.

ಎಲ್ಲಕ್ಕಿಂತ ಮೊದಲು ಕಲಿಯಬೇಕಾದ್ದು ಯಾವಾಗ ಮುಟ್ಟಬಾರದು ಎಂಬುದು. ಬೆನ್ನುನೋವಿನ ಜೊತೆಗೆ ಮೂತ್ರ ನಿಂತುಹೋದರೆ, ಗೊತ್ತಿಲ್ಲದೆ ಮಲಮೂತ್ರ ಆಗುತ್ತಿದ್ದರೆ, ಕಾಲಿನ ಬಲ ಇಳಿಯುತ್ತಿದ್ದರೆ, ರಾತ್ರಿ ಜ್ವರ ಬಂದು ಮೈ ಇಳಿಯುತ್ತಿದ್ದರೆ ಅದು ನೀವುವ ನೋವಲ್ಲ, ದೊಡ್ಡ ಆಸ್ಪತ್ರೆಗೆ ಕಳಿಸುವ ನೋವು. ಬೆನ್ನುಮೂಳೆಗೂ ಕ್ಷಯ ಬರುತ್ತದೆ. ಅದನ್ನು ಬರೀ ಉಳುಕು ಅಂದುಕೊಂಡು ತಿಂಗಳುಗಟ್ಟಲೆ ಕರೆಂಟ್ ಕೊಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೆಷಿನ್ ಯಾಕೆ ಗೆಲ್ಲುತ್ತದೆ

ಮೆಷಿನ್ ಬೇಡವೇ ಬೇಡ ಎಂದು ನಾವು ಹೇಳುತ್ತಿಲ್ಲ. ಅದಕ್ಕೂ ಅದರದೇ ಜಾಗ ಇದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಬಹುಕಾಲದ ಸೊಂಟನೋವಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಜಗತ್ತಿನಲ್ಲಿ 2020ರಲ್ಲಿ 61.9 ಕೋಟಿ ಜನರಿಗೆ ಸೊಂಟನೋವಿತ್ತು ಎಂಬುದು ಅದೇ ಸಂಸ್ಥೆಯ ಲೆಕ್ಕ. ತಿಳಿವಳಿಕೆ ಹೇಳುವುದು, ವ್ಯಾಯಾಮ ಮಾಡಿಸುವುದು, ಕೈಯಿಂದ ಮಾಡುವ ಕೆಲವು ಚಿಕಿತ್ಸೆ, ಇವನ್ನು ಅದು ಮಾಡಬಹುದಾದ ಪಟ್ಟಿಯಲ್ಲಿ ಇಟ್ಟಿತು. ಸೊಂಟ ಎಳೆಯುವ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಚಿಕಿತ್ಸೆ, ಟೆನ್ಸ್ ಎಂಬ ಕರೆಂಟ್, ಇವನ್ನು ಮಾಮೂಲಾಗಿ ಕೊಡುವುದು ಬೇಡ ಎಂದಿತು.

ನಮ್ಮ ಕಡೆ ಇದು ತಿರುಗುಮುರುಗಾಗಿದೆ. ಬೇಡ ಅಂದದ್ದೇ ಹೆಚ್ಚು ನಡೆಯುತ್ತದೆ. ಕಾರಣ ಕಷ್ಟದ್ದೇನಲ್ಲ. ಮೆಷಿನ್ ಹಚ್ಚಿ ಇನ್ನೊಬ್ಬರನ್ನು ನೋಡಬಹುದು. ಒಂದೇ ಹೊತ್ತಿಗೆ ನಾಲ್ಕು ಜನ ಮಂಚದ ಮೇಲೆ ಇರಬಹುದು. ಕೈಯಿಂದ ಮಾಡುವವರು ಒಂದು ಹೊತ್ತಿಗೆ ಒಬ್ಬರನ್ನೇ ನೋಡಬೇಕು. ಕಲಿಯದ ಕೈಗೆ ಮೆಷಿನ್ ಒಂದು ಧೈರ್ಯ. ನಮ್ಮದೂ ತಪ್ಪಿದೆ. "ಬರೀ ಕೈಲಿ ಮಾಡುದ್ರು, ಕರೆಂಟೇ ಕೊಡ್ಲಿಲ್ಲ, ಇದ್ಕೂ ದುಡ್ಡಾ?" ಎಂದು ಕೇಳುವವರು ನಾವೇ. ವ್ಯಾಯಾಮ ಹೇಳಿಕೊಟ್ಟರೆ ಔಷಧ ಕೊಡದ ಡಾಕ್ಟರನ್ನು ನೋಡಿದ ಹಾಗೆ ನೋಡುತ್ತೇವೆ.

2025ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಒಂದು ಜಗಳ ನಡೆಯಿತು. ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಮುಂದೆ 'ಡಾ.' ಹಾಕಬಾರದು ಎಂದು ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದಿಂದ ಪತ್ರ ಹೋಯಿತು, ಬೆನ್ನಿಗೇ ಅದನ್ನು ವಾಪಸ್ ತೆಗೆದುಕೊಂಡರು. ಟಿವಿಯಲ್ಲಿ ಚರ್ಚೆಯಾಯಿತು. ಬೋರ್ಡಿನ ಮೇಲೆ ಏನು ಬರೆದಿರಬೇಕು ಎಂಬುದು ಅವರ ಹಕ್ಕಿನ ಮಾತು, ಅವರು ನೋಡಿಕೊಳ್ಳಲಿ. ಭುಜ ಹಿಡಿದುಕೊಂಡ ಅಕ್ಕನಿಗೆ ಬೇಕಾದ್ದು ಬೋರ್ಡಿನ ಒಳಗೆ ಕೂತವರ ಕೈ.

ಭಾನುವಾರದ ಸರ್ಟಿಫಿಕೇಟ್

ಹಾಗಾದರೆ ಕಲಿಯಲು ದಾರಿಯೇ ಇಲ್ಲವೇ? ಇದೆ, ಅದರಲ್ಲಿ ಒಂದು ಭಾನುವಾರದ ಕೋರ್ಸು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಶನಿವಾರ, ಭಾನುವಾರ ಹೋಟೆಲಿನ ಹಾಲ್‌ನಲ್ಲಿ ಕಲಿಸುತ್ತಾರೆ. ಅಲ್ಲಿ ಪೇಷೆಂಟ್ ಇರುವುದಿಲ್ಲ, ಕಲಿಯುವವರೇ ಒಬ್ಬರ ಬೆನ್ನನ್ನು ಒಬ್ಬರು ಒತ್ತಿ ಕಲಿಯುತ್ತಾರೆ. ಇಪ್ಪತ್ತೈದು ವರ್ಷದ ಆರೋಗ್ಯವಂತ ಬೆನ್ನಿನ ಮೇಲೆ ಕಲಿತು, ಸೋಮವಾರ ಟೊಮೆಟೊ ಕ್ರೇಟ್ ಹೊತ್ತು ಸವೆದ ಹಮಾಲಿಯ ಬೆನ್ನಿನ ಮೇಲೆ ಪ್ರಯೋಗ.

ಕೈಚಿಕಿತ್ಸೆಯ ಫಿಸಿಯೋಥೆರಪಿಸ್ಟ್‌ಗಳಿಗೆ 1974ರಲ್ಲಿ ಹುಟ್ಟಿದ ಒಂದು ಅಂತಾರಾಷ್ಟ್ರೀಯ ಒಕ್ಕೂಟವಿದೆ, ಇಫಾಂಪ್ಟ್ ಎಂದು ಅದರ ಚುಟುಕು ಹೆಸರು. ಅದರ ಅಳತೆಯಂತೆ ಪದವಿಯ ನಂತರದ ತರಬೇತಿಯಲ್ಲಿ ಪಾಠ, ಅಭ್ಯಾಸ ಎಲ್ಲ ಆದಮೇಲೆ, ಹಿರಿಯರೊಬ್ಬರ ಕಣ್ಣೆದುರಿಗೆ ನಿಜವಾದ ರೋಗಿಗಳನ್ನು ನೋಡುವುದೇ ಕನಿಷ್ಠ 150 ಗಂಟೆ ಇರಬೇಕು. ದಿನಕ್ಕೆ ಆರು ಗಂಟೆ ಎಂದು ಹಿಡಿದರೂ ಇಪ್ಪತ್ತೈದು ದಿನ. ಎರಡು ದಿನದ ಕೋರ್ಸಿಗೂ ಇದಕ್ಕೂ ಎಲ್ಲಿಂದೆಲ್ಲಿಗೆ?

ಒಬ್ಬ ತರುಣ ಫಿಸಿಯೋ ನಮಗೆ ನೇರವಾಗಿ ಕೇಳಿದರು: "ಅಣ್ಣ, ಬರೆಯೋದು ಸುಲಭ. ಎಂಪಿಟಿ ಮಾಡೋಕೆ ಎರಡು ವರ್ಷ ಕ್ಲಿನಿಕ್ ಮುಚ್ಚಬೇಕು. ಬಾಡಿಗೆ ಯಾರು ಕಟ್ತಾರೆ? ಮುಗಿಸಿ ಬಂದ್ರೆ ಈ ಊರಲ್ಲಿ ನಂಗೆ ಹೆಚ್ಚು ಫೀಸ್ ಕೊಡ್ತಾರಾ? ಭಾನುವಾರದ ಕೋರ್ಸಾದ್ರೂ ಮಾಡಿದ್ದೀನಲ್ಲ, ಅದೂ ಮಾಡದೋರು ಎಷ್ಟು ಜನ ಇದ್ದಾರೆ?"

ಅವರ ಮಾತಿನಲ್ಲಿ ನ್ಯಾಯವಿದೆ. ಎರಡು ದಿನದ ಕೋರ್ಸನ್ನು ನಾವು ಹೀಗಳೆಯುವುದಿಲ್ಲ, ಅದು ಬಾಗಿಲು ತೆಗೆಯುತ್ತದೆ. ಆದರೆ ಒಳಗೆ ಕೈಹಿಡಿದು ಕರೆದುಕೊಂಡು ಹೋಗುವವರು ಬೇಕು. ಎಂಪಿಟಿ ಅಂದಮಾತ್ರಕ್ಕೆ ಕೈ ಬಂದಿರುತ್ತದೆ ಎಂದೂ ನಾವು ನಂಬುವುದಿಲ್ಲ. ಎರಡು ವರ್ಷ ಪ್ರಬಂಧ ಬರೆದು, ಸೆಮಿನಾರ್ ಮಾಡಿ, ರೋಗಿಗಳನ್ನು ಮುಟ್ಟಿದ್ದು ಕಡಿಮೆ ಇರುವವರೂ ಇದ್ದಾರೆ. ಹತ್ತು ವರ್ಷ ಕಣ್ಣಿಟ್ಟು ದುಡಿದ ಬಿಪಿಟಿಯವರು ಅಂಥವರಿಗಿಂತ ಎಷ್ಟೋ ಮೇಲು. ಹಾಗಂತ ತಿದ್ದುವವರೇ ಇಲ್ಲದೆ ಹತ್ತು ವರ್ಷ ಒಂದೇ ತಪ್ಪು ಮಾಡಿದರೆ ಅದನ್ನು ಅನುಭವ ಎನ್ನಲೂ ಆಗುವುದಿಲ್ಲ. ಪಕ್ಕದಲ್ಲಿ ನಿಂತು ತಿದ್ದುವವರು ಇದ್ದರೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿದೆ.

ಮೂರು ತಿಂಗಳು ನಮ್ಮ ಜಿಲ್ಲೆಗೆ ಕಳಿಸಿ

ಗುಂಡ್ಲುಪೇಟೆಯಿಂದ ಮೈಸೂರಿಗೆ 60 ಕಿ.ಮೀ. ಹಳ್ಳಿಯಿಂದ ಬಸ್ ಹಿಡಿದು ಪೇಟೆಗೆ ಬಂದು, ಅಲ್ಲಿಂದ ಮೈಸೂರಿಗೆ ಹೋಗಿ, ಟೋಕನ್ ತೆಗೆದುಕೊಂಡು ತೋರಿಸಿ, ವಾಪಸ್ ಬರುವ ಹೊತ್ತಿಗೆ ದೀಪ ಹಚ್ಚುವ ಸಮಯ. ಲಕ್ವದವರಿಗೆ, ಸೊಂಟ ಮುರಿದವರಿಗೆ ವಾರಕ್ಕೆ ಎರಡು ಸಲ ಹೀಗೆ ಹೋಗಿ ಬರುವುದು ಸಾಧ್ಯವೇ? ಮೊದಲ ತಿಂಗಳು ಕಾರು ಮಾಡಿಕೊಂಡು ಹೋಗುತ್ತಾರೆ, ಎರಡನೇ ತಿಂಗಳು ಬಸ್ಸು, ಮೂರನೇ ತಿಂಗಳು ಬಿಟ್ಟೇಬಿಡುತ್ತಾರೆ. ಬಿಟ್ಟವರು ಹಾಸಿಗೆ ಹಿಡಿಯುತ್ತಾರೆ. ಅವರನ್ನು ನೋಡಿಕೊಳ್ಳಲು ಮನೆಯ ಒಬ್ಬ ಹೆಣ್ಣುಮಗಳ ಕೂಲಿ ನಿಲ್ಲುತ್ತದೆ.

ನಮ್ಮಲ್ಲಿ ಕೆಲಸಕ್ಕೇನೂ ಬರವಿಲ್ಲ. ಕರಿಕಲ್ಲು ಕ್ವಾರಿಯಲ್ಲಿ ದುಡಿಯುವವರಿದ್ದಾರೆ, ಎಪಿಎಂಸಿಯಲ್ಲಿ ಮೂಟೆ ಹೊರುವವರಿದ್ದಾರೆ. ಊಟಿ ರಸ್ತೆ, ಕೇರಳ ರಸ್ತೆಯಲ್ಲಿ ಅಪಘಾತವಾಗಿ ಕಾಲಿಗೆ ರಾಡ್ ಹಾಕಿಸಿಕೊಂಡವರಿದ್ದಾರೆ. ಸರ್ಕಾರಿ ಶಾಲೆಯ ಅಂಗಳದ ಶಾಲಾ ಸಿದ್ಧತಾ ಕೇಂದ್ರಕ್ಕೆ ಕೈಕಾಲು ಸ್ವಾಧೀನವಿಲ್ಲದ ಮಗುವನ್ನು ಸೊಂಟದ ಮೇಲೆ ಹೊತ್ತು ತರುವ ತಾಯಂದಿರಿದ್ದಾರೆ. ಕಾಡಂಚಿನ ಹಾಡಿಗಳಲ್ಲಿ ಸೋಲಿಗರು, ಜೇನುಕುರುಬರು ಇದ್ದಾರೆ. ಕಲಿಯುವ ಕೈಗೆ ಇದಕ್ಕಿಂತ ದೊಡ್ಡ ಶಾಲೆ ಎಲ್ಲಿದೆ?

ಅದಕ್ಕೇ ನಾವು ಒಂದು ಮಾತು ಇಡುತ್ತೇವೆ. ಎಂಡಿ, ಎಂಎಸ್ ಓದುವ ಡಾಕ್ಟರುಗಳಿಗೆ 2021ರ ಬ್ಯಾಚ್‌ನಿಂದ ಒಂದು ನಿಯಮ ಬಂದಿದೆ. ಓದಿನ ನಡುವೆ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕು. ಜಿಲ್ಲಾ ರೆಸಿಡೆನ್ಸಿ ಎಂದು ಅದರ ಹೆಸರು. ಇದೇ ನಿಯಮವನ್ನು ಎಂಪಿಟಿ ವಿದ್ಯಾರ್ಥಿಗಳಿಗೂ ತರಲಿ. ಎರಡು ವರ್ಷದಲ್ಲಿ ಮೂರು ತಿಂಗಳು ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಇರಲಿ. ನಮ್ಮ ಜಿಲ್ಲೆಯ ಐದು ತಾಲ್ಲೂಕಿಗೂ ಬರಲಿ. ಚಾಮರಾಜನಗರದಲ್ಲಿ 2016ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಲ್ಲಿ ನೆಲೆ ಮಾಡಿಕೊಂಡು ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು, ಯಳಂದೂರಿಗೆ ಹೋಗಿ ಬರಬಹುದು.

ಬರೀ ಮಕ್ಕಳನ್ನು ಕಳಿಸಿಬಿಟ್ಟರೆ ನಮ್ಮ ಜನರ ಮೇಲೆ ಕಲಿತು ಹೋಗುವುದಾಗುತ್ತದೆ. ಅದು ಬೇಡ. ವಾರಕ್ಕೆ ಎರಡು ದಿನವಾದರೂ ಹಿರಿಯ ಅಧ್ಯಾಪಕರು ಬಂದು ಪಕ್ಕದಲ್ಲಿ ನಿಲ್ಲಬೇಕು. ಆ ಎರಡು ದಿನ ನಮ್ಮ ಪೇಟೆಯ ಖಾಸಗಿ ಫಿಸಿಯೋಗಳಿಗೂ ಬಾಗಿಲು ತೆರೆದಿರಬೇಕು. ಕ್ಲಿನಿಕ್ ಮುಚ್ಚಲು ಆಗದ ಆ ತರುಣ ಅರ್ಧ ದಿನ ಬಂದು, ತನಗೆ ಬಗೆಹರಿಯದ ರೋಗಿಯನ್ನೂ ಕರೆತಂದು, ಹಿರಿಯರ ಕಣ್ಣೆದುರು ನೋಡಲಿ. ವಾರಕ್ಕೆ ಮೂರು ಗಂಟೆಯಾದರೂ ವರ್ಷದಲ್ಲಿ 150 ಗಂಟೆ ದಾಟುತ್ತದೆ. ಎಂಪಿಟಿ ಮಾಡಲು ಆಗದವರಿಗೂ ಕೈ ಕಲಿಯುವ ದಾರಿ ಇದು.

ಬರುವ ವಿದ್ಯಾರ್ಥಿಗಳಿಗೂ ಲಾಭವಿದೆ. ದೊಡ್ಡ ಆಸ್ಪತ್ರೆಗೆ ದೂರದಿಂದ ಬಂದ ರೋಗಿ ಒಂದು ಸಲ ಬಂದು ಮಾಯವಾಗುತ್ತಾನೆ. ತಾನು ಮಾಡಿದ್ದು ಫಲಿಸಿತೋ ಇಲ್ಲವೋ ಕಲಿಯುವವರಿಗೆ ಗೊತ್ತೇ ಆಗುವುದಿಲ್ಲ. ತಾಲ್ಲೂಕಿನಲ್ಲಿ ಅದೇ ಅಜ್ಜಿ ಪ್ರತಿ ವಾರ ಬರುತ್ತಾರೆ, ಬಾರದಿದ್ದರೆ ಮನೆಗೇ ಹೋಗಬಹುದು. ಆ ಮನೆಯ ಹೊಸ್ತಿಲು ಎಷ್ಟು ಎತ್ತರ, ಬಚ್ಚಲು ಎಲ್ಲಿದೆ, ಕುಕ್ಕರುಗಾಲಲ್ಲಿ ಕೂರುವ ಶೌಚಾಲಯಕ್ಕೆ ಏನು ಮಾಡುವುದು, ಇದೆಲ್ಲ ಪುಸ್ತಕದಲ್ಲಿಲ್ಲ. ಪಂಚಾಯ್ತಿಯ ವಿಆರ್‌ಡಬ್ಲ್ಯು, ಆಶಾ ಕಾರ್ಯಕರ್ತೆಯರ ಜೊತೆ ಒಂದು ದಿನ ಓಡಾಡಿದರೆ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬ ಪಟ್ಟಿ ಕೈಗೆ ಬರುತ್ತದೆ.

ನೀವು ಕೇಳಬೇಕಾದ್ದು

ನಿಯಮ ಬರುವವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ. ಫಿಸಿಯೋಥೆರಪಿಗೆ ಹೋದಾಗ ಸಂಕೋಚ ಬಿಟ್ಟು ಕೇಳಿ: ನನಗೆ ಏನಾಗಿದೆ ಎಂದು ಕೈ ಹಿಡಿದು, ನಡೆಸಿ, ಬಗ್ಗಿಸಿ ನೋಡಿದಿರಾ? ಈ ಮೆಷಿನ್ ಯಾಕೆ, ಎಷ್ಟು ದಿನ? ಮನೆಯಲ್ಲಿ ನಾನೇ ಮಾಡುವುದು ಏನು? ಎಷ್ಟು ದಿನದಲ್ಲಿ ಏನು ಬದಲಾಗಬೇಕು, ಆಗದಿದ್ದರೆ ಯಾರ ಹತ್ತಿರ ಕಳಿಸುತ್ತೀರಿ? ನೀವು ಎಲ್ಲಿ, ಯಾರ ಹತ್ತಿರ ಕಲಿತಿರಿ? ಒಳ್ಳೆಯ ಫಿಸಿಯೋಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ, ಖುಷಿಯಾಗುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಕೈಯಿಂದ ಮಾಡುವ ಚಿಕಿತ್ಸೆ ಎಂದರೆ ಮೈ ಮುಟ್ಟುವ ಚಿಕಿತ್ಸೆ. ಎಲ್ಲಿ ಮುಟ್ಟುತ್ತೇನೆ, ಯಾಕೆ ಮುಟ್ಟುತ್ತೇನೆ ಎಂದು ಮೊದಲೇ ಹೇಳಿ ಒಪ್ಪಿಗೆ ಕೇಳುವುದೂ ಆ ತರಬೇತಿಯ ಪಾಠವೇ. ಜೊತೆಗೆ ಒಬ್ಬ ಹೆಂಗಸು ಇರಲಿ ಎಂದು ನೀವು ಕೇಳಬಹುದು. ಬೇಡ ಅನಿಸಿದರೆ ಬೇಡ ಎನ್ನಬಹುದು. ನಾಚಿಕೆಯಿಂದ ನೋವು ನುಂಗಿಕೊಂಡು ಕೂತ ಎಷ್ಟೋ ತಾಯಂದಿರನ್ನು ನಾವು ಸುದ್ದಿಗೆ ಹೋದಲ್ಲೆಲ್ಲ ನೋಡಿದ್ದೇವೆ.

ಕೊನೆಯದಾಗಿ, ತಾಲ್ಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಸಭೆ ನಡೆದಾಗ ಬೆಡ್ಡು, ಕಿಟಕಿ, ನೀರಿನ ಟ್ಯಾಂಕಿನ ಮಾತು ಬರುತ್ತದೆ. ಈ ಸಲ ಫಿಸಿಯೋಥೆರಪಿ ಕೊಠಡಿಯ ಮಾತೂ ಬರಲಿ. ಅಲ್ಲಿ ಯಾರಿದ್ದಾರೆ, ವಾರಕ್ಕೆ ಎಷ್ಟು ದಿನ ಇರುತ್ತಾರೆ, ಅವರನ್ನು ತರಬೇತಿಗೆ ಯಾವಾಗ ಕಳಿಸಿದಿರಿ ಎಂದು ಕೇಳಿ. ಎಂಪಿಟಿ ವಿದ್ಯಾರ್ಥಿಗಳನ್ನು ಕಳಿಸಿ ಎಂದು ವಿಶ್ವವಿದ್ಯಾಲಯಕ್ಕೆ, ಆರೋಗ್ಯ ಇಲಾಖೆಗೆ ಪತ್ರ ಬರೆಯಲು ಪಂಚಾಯ್ತಿಯಿಂದ ಒಂದು ಠರಾವು ಮಾಡಿಸಿ. ಠರಾವಿನ ಪ್ರತಿ ನಮಗೂ ಕಳಿಸಿ, ಸುದ್ದಿ ಮಾಡುವುದು ನಮ್ಮ ಕೆಲಸ.

ಹಂಗಳದ ಕಡೆಯ ಆ ಅಕ್ಕ ಈಗಲೂ ಬೆಳಗ್ಗೆ ಎದ್ದು ತೊಲೆಯ ಹಗ್ಗ ಎಳೆಯುತ್ತಾರೆ. ಈಗ ಎಡ ಭುಜವೂ ಸ್ವಲ್ಪ ಬಿಗಿಯುತ್ತಿದೆಯಂತೆ. "ಈ ಸಲ ಕರೆಂಟ್‌ಗ ಹೋಗದಿಲ್ಲ ಕನಪ್ಪ, ಸೀದಾ ಆ ಮೇಡಂ ತಾವ್ಕೇ ಹೋಯ್ತಿನಿ" ಅಂದರು. ಆ ಮೇಡಂ ಇರುವುದು ಮೈಸೂರಿನಲ್ಲಿ.